ಬಾಡಿಗೆ ಮನೆಯ ಹಪ್ಪಳಕ್ಕೊಂದು ಕರಡು ಕಾನೂನು

ಕಾನೂನು ಎಂದರೆ ವಿಧಾನಸೌಧದಲ್ಲಿ ತಯಾರಾಗಿ ನಮ್ಮ ತಲೆಯ ಮೇಲೆ ಬಂದು ಕೂರುವಂಥದ್ದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು, ಇನ್ನೇನು ತಿಳಿಯಲಿ. ಅದು ಆಗುವ ಮೊದಲೇ ಹೋಗಿ, ಹೀಗೆ ಮಾಡಬೇಡಿ ಎಂದು ಹೇಳಬಹುದಂತೆ. ಮೊಮ್ಮಗಳು ಕರೆದುಕೊಂಡು ಹೋದಾಗಲೇ ಗೊತ್ತಾಗಿದ್ದು.

ಹೇರೋಹಳ್ಳಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಹಪ್ಪಳ ಮಾಡುತ್ತೇವೆ. ಹಿಟ್ಟಿನ ಹದ ನನ್ನದು, ವ್ಯಾಪಾರ ಅವಳದು. ದೊಡ್ಡ ಅಂಗಡಿಯವರು ನೋಂದಣಿ ಇಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು. ಮನೆಯಲ್ಲೇ ಉದ್ಯಮ ನಡೆಸುವವರಿಗೆ ನೆರವಾಗಲು ಸರ್ಕಾರ ಹೊಸ ಕಾನೂನಿನ ಕರಡು ತಂದಿತ್ತು. ಆದರೆ ನೋಂದಣಿಗೆ ಮನೆ ಮಾಲೀಕರ ಒಪ್ಪಿಗೆ ಪತ್ರ ಬೇಕು ಎಂದು ಅದರಲ್ಲಿತ್ತು. ಮೊದಲೇ ಕೇಳಿ ನೋಡಿದರೆ, ನಮ್ಮ ಓನರ್ ಕೊಡಲ್ಲ ಎಂದರು. ಕೊಟ್ಟರೆ ಮನೆಗೆ ಅಂಗಡಿ ರೇಟಿನ ಕರೆಂಟ್ ಬಿಲ್ಲು ಬಂದೀತೆಂಬ ಭಯ ಅವರಿಗೆ.

ಜನರ ಅಭಿಪ್ರಾಯ ಕೇಳುವ ಸಭೆ ರಾಜಾಜಿನಗರದಲ್ಲಿತ್ತು. ಅಧಿಕಾರಿಯನ್ನು ಬರಿಗೈಯಲ್ಲಿ ನೋಡಬಾರದೆಂದು ನಾನು ಎರಡು ಕಟ್ಟು ಹಪ್ಪಳ ಒಯ್ದು, ಎಲ್ಲರೆದುರೇ ಅವರ ಮೇಜಿನ ಮೇಲಿಟ್ಟೆ.

"ಅಜ್ಜಿ, ಇದನ್ನ ತಗೊಂಡ್ರೆ ನನ್ನ ಕೆಲಸ ಹೋಗತ್ತೆ," ಎಂದರು ಅವರು. ಸಭೆ ನಕ್ಕಿತು.

"ಬಾರಜ್ಜಿ ಈ ಕಡೆ, ಮಾನ ಕಳೀಬೇಡ," ಎಂದು ಮೊಮ್ಮಗಳು ಸೆರಗು ಜಗ್ಗಿದಳು.

ಅಧಿಕಾರಿ ಎರಡೂ ಕಟ್ಟನ್ನು ನನ್ನ ಕೈಗೇ ಕೊಡುತ್ತಾ ಕೇಳಿದರು, "ಇಷ್ಟೊಂದು ಎಲ್ಲಿ ಒಣಗಿಸ್ತೀರಾ?"

"ಓನರ್ ಮಹಡಿ ಮೇಲೆ ಸಾರ್. ಅವರ ಮನೆಯವರೇ ಕಾಗೆ ಓಡಿಸ್ತಾರೆ. ಜಾಗ ಕೊಡ್ತಾರೆ, ಕಾಗದ ಮಾತ್ರ ಕೊಡಲ್ಲ."

ಈ ಸಲ ಯಾರೂ ನಗಲಿಲ್ಲ. ಮೊಮ್ಮಗಳು ಸೆರಗು ಬಿಟ್ಟು ನೆಟ್ಟಗೆ ನಿಂತಳು.

"ಸಾರ್, ಬಾಡಿಗೆ ಕರಾರು ಇದ್ರೆ ಸಾಕು ಅಂತ ಮಾಡಿ. ಕೈಯಲ್ಲಿ ಮಾಡೋ ಕೆಲಸಕ್ಕೆ ಮನೆ ಕರೆಂಟ್ ರೇಟೇ ಅಂತಾನೂ ಬರೀರಿ. ಆಗ ಓನರ್‌ಗೂ ಭಯ ಇರಲ್ಲ."

"ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ," ಎಂದು ಅವರು ಪೆನ್ನು ತೆಗೆದರು. ನನ್ನ ಮಡಿಲಲ್ಲಿ ಮಾತು ಕಲಿತವಳು ಹೇಳುತ್ತಿದ್ದಾಳೆ, ಸರ್ಕಾರ ಬರೆದುಕೊಳ್ಳುತ್ತಿದೆ.

ಕಳೆದ ವಾರ ಮೊಮ್ಮಗಳ ಫೋನಿಗೆ ತಿದ್ದಿದ ಕರಡು ಬಂತು. ಕರೆಂಟಿನ ಮಾತು ಇನ್ನೂ ಪರಿಶೀಲನೆಯಲ್ಲಿದೆಯಂತೆ. ಕರಾರಿನ ಮಾತು ಮಾತ್ರ ಸೇರಿದೆ.

"ಇನ್ನೂ ಸದನದಲ್ಲಿ ಪಾಸಾಗ್ಬೇಕು ಕಣಜ್ಜಿ, ಈಗ್ಲೇ ಕುಣೀಬೇಡ," ಎಂದಳು.

"ನಾನೆಲ್ಲೇ ಕುಣಿದೆ? ಫೋನ್ ಕೊಡಿಲ್ಲಿ."

ಆ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ನಾನೇ ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಓದಿದೆ.