ಗೂಡಿನ ಲೋಟಗಳು

ನಮ್ಮ ಮೇಷ್ಟ್ರ ಕೈ ಸುಟ್ಟವನು ನಾನೇ. ಊರಿಗೆಲ್ಲ ಗೊತ್ತು. ಆದರೂ ಇವತ್ತಿನವರೆಗೆ ಯಾರೂ ನನ್ನೆದುರು ಆಡಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಹರಪನಹಳ್ಳಿಯಿಂದ ತೆಲಿಗಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಕಡೆ ಅಪ್ಪನ ಚಹಾದ ಹೋಟೆಲ್ಲಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ಹೊರಗೋಡೆಯ ಗೂಡಿನಲ್ಲಿ ಕೇರಿಯವರ ಲೋಟಗಳು ಬೇರೆಯೇ ಇದ್ದವು. ಅವರು ಹೊರಗೇ ನಿಂತು ಕುಡಿದು, ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ಮೇಷ್ಟ್ರು ನಮ್ಮ ಮಂದಿಯೇ, ನನಗೆ ಅಕ್ಷರ ಕಲಿಸಿದವರು. ನಿವೃತ್ತರಾದ ಮೇಲೆ ಕೇರಿಯಲ್ಲೇ ಒಂದು ಕೋಣೆ ಹಿಡಿದಿದ್ದರು. ಮುದುಕಿಯರ ಪೆನ್ಷನ್ ಅರ್ಜಿ ಬರೆಯುವುದು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಇದೇ ಅವರ ಕೆಲಸ. ದಿನಾ ಬೆಳಿಗ್ಗೆ ಬಂದು ಗೂಡಿನ ಲೋಟದಲ್ಲೇ ಚಹಾ ಕುಡಿಯುತ್ತಿದ್ದರು. ಆಮೇಲೆ ಅಲ್ಲಿದ್ದ ಲೋಟಗಳನ್ನೆಲ್ಲ ತೊಳೆದಿಟ್ಟು, "ಯಜಮಾನ್ರೇ, ಇವನ್ನ ಒಳಗ ಇಟ್ಕೊಳ್ರಿ," ಅನ್ನುತ್ತಿದ್ದರು. "ನಾಳಿ ನೋಡೋಣ್ರಿ," ಅಂತ ಅಪ್ಪ. ಹೀಗೇ ಎರಡು ವರ್ಷ ಹೋಯಿತು.

ಕೊನೆಗೆ ಅವರು ನಮ್ಮ ಕಟ್ಟೆಯ ಮೇಲೆ ಉಪವಾಸ ಕೂತರು. ಘೋಷಣೆಯಿಲ್ಲ, ಬೈಗುಳವಿಲ್ಲ. ಮೂರನೆಯ ದಿನಕ್ಕೆ ಗಿರಾಕಿಗಳು ಎದುರಿನ ಅಂಗಡಿ ಹಿಡಿದರು. ನನ್ನ ತಲೆ ಕೆಟ್ಟಿತು. "ಏಳ್ರಿ ಮ್ಯಾಲಕ್ಕ! ನಮ್ಮ ಹೊಟ್ಟಿ ಮ್ಯಾಲೆ ಯಾಕ ಕುಂತೀರಿ?" ಅಂದೆ. ಅವರು ಸಣ್ಣಗೆ ನಕ್ಕರು. ಆ ನಗುವೇ ನನ್ನನ್ನು ಕೆಣಕಿತು. ಕುದಿಯುವ ಚಹಾದ ಪಾತ್ರೆಯನ್ನೇ ಎತ್ತಿ ಎರಚಿದೆ. ಥೂ, ನನ್ನ ಕೈಗೆ ಬೆಂಕಿ ಬೀಳ! ಅವರ ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿತು.

ಪೊಲೀಸಿನವನು ಬಂದಾಗ, "ನಾನ ಎಡವಿ ಮೈಮ್ಯಾಲೆ ಚೆಲ್ಕೊಂಡೀನಪ್ಪ, ಹುಡುಗಂದೇನೂ ತಪ್ಪಿಲ್ಲ," ಅಂದುಬಿಟ್ಟರು. ಅಪ್ಪ ಗಳಗಳ ಅತ್ತರು. "ನಾಳಿಂದ ಎಲ್ಲಾರೂ ಒಳಗ ಕುಂದ್ರಲಿ," ಅಂದು ಮೇಷ್ಟ್ರಿಗೆ ನಿಂಬೆ ಪಾನಕ ಕುಡಿಸಿದರು.

ನಾನೂ ಅಳಬೇಕಿತ್ತು. ಅದು ಬಿಟ್ಟು ಯೋಚನೆ ಮಾಡಿದೆ. ಕೇರಿಯವರು ಒಳಗಿನ ಲೋಟ ಮುಟ್ಟಿದರೆ ನಮ್ಮ ಮಂದಿ ಇತ್ತ ಹಾಯುತ್ತಾರೆಯೇ? ಅವತ್ತು ಸಂಜೆಯೇ ಹರಪನಹಳ್ಳಿಗೆ ಹೋಗಿ, ಆಗಷ್ಟೇ ಅಂಗಡಿಗಳಿಗೆ ಬಂದಿದ್ದ ಕುಡಿದು ಎಸೆಯುವ ಪ್ಲಾಸ್ಟಿಕ್ ಕಪ್ಪುಗಳ ಕಟ್ಟು ತಂದೆ. ಗೂಡು ಖಾಲಿ ಮಾಡಿದೆ. ಅಬ್ಬಾ, ನನ್ನ ಜಾಣತನವೇ!

ಮರುದಿನ ಮೇಷ್ಟ್ರು ಕೈಗೆ ಬಟ್ಟೆ ಸುತ್ತಿಕೊಂಡು, ಕೇರಿಯ ಹಿರಿಯರೊಬ್ಬರನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತರು. ನಾನು ಮೇಷ್ಟ್ರಿಗೆ ಗಾಜಿನ ಲೋಟದಲ್ಲಿ, ಹಿರಿಯರಿಗೆ ಕಪ್ಪಿನಲ್ಲಿ ಚಹಾ ಇಟ್ಟೆ. ಅಪ್ಪ ನೋಡಿಯೂ ಚಿಲ್ಲರೆ ಎಣಿಸುತ್ತ ಕೂತರು. ಹಿರಿಯರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, "ಒಳಗ ಕುಂತೀನಲ್ರಿ ಮೇಷ್ಟ್ರೇ, ಇಷ್ಟ ಸಾಕು ಬಿಡ್ರಿ," ಅಂದರು. ಅವರ ಕಣ್ಣು ತುಂಬಿತ್ತು.

ಮೇಷ್ಟ್ರು ಲೋಟ ಮುಟ್ಟಲಿಲ್ಲ. ಎದ್ದು ಒಲೆಯ ಹತ್ತಿರ ಬಂದು, ನನಗಷ್ಟೇ ಕೇಳುವಂತೆ, "ತಮ್ಮಾ, ಚಹಾ ಎರಚಿದಾಗ ನಿನಗ ಸಿಟ್ಟು ಬಂದಿತ್ತು, ಅದಕ್ಕ ಸುಮ್ಮನಾದೆ. ಇವತ್ತು ನಿನಗ ಸಿಟ್ಟೂ ಇಲ್ಲಲ್ಲೋ," ಅಂದರು.

ಅವರು ಹೊರಟುಹೋದರು. ಅಷ್ಟರಲ್ಲಿ ಬಸ್ಸು ಬಂತು. ಇಳಿದವರಿಗೆಲ್ಲ ಚಹಾ ಸೋಸಿ ಕೊಟ್ಟೆ, ಯಾರಿಗೆ ಲೋಟ, ಯಾರಿಗೆ ಕಪ್ಪು ಎಂದು ಒಬ್ಬೊಬ್ಬರ ಮುಖ ನೋಡಿ.