ಮೆಶಿನು ನಿಲ್ಲಬಾರದು

ಅತ್ತೆ ಕಮಲಾವತಿ ಒಳ್ಳೆಯ ಮಾತಾಡಿದ ಸಂಜೆಯೇ ಬ್ರಾಹ್ಮಿಗೆ ಅನುಮಾನ ಹುಟ್ಟಿತು.

"ಪಾತ್ರೆ ನಾನು ತೊಳೀತೇನೆ. ನೀನು ಮಾಳಿಗೆಗೆ ಹೋಗಿ ಹೊಲಿ."

ತವರಿನಿಂದ ಬಂದ ಹೊಲಿಗೆ ಮೆಶಿನನ್ನು, ಸದ್ದಿಗೆ ತಲೆ ಸಿಡಿಯುತ್ತದೆಂದು ಮಾಳಿಗೆ ಹತ್ತಿಸಿದವರು ಇದೇ ಅತ್ತೆ. ಬ್ರಾಹ್ಮಿಗೆ ಪುರುಸೊತ್ತಾದರೂ ಎಲ್ಲಿತ್ತು? ಬೆಳ್ತಂಗಡಿಯ ಕಚೇರಿಯಿಂದ ಬಂದು ಅಳದಂಗಡಿಯಲ್ಲಿ ಬಸ್ಸಿಳಿದವಳು ನೇರ ಒಲೆಯ ಮುಂದೆ ನಿಲ್ಲಬೇಕು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು ಜೈನರ ಕ್ರಮ. ಆ ಕ್ರಮದಲ್ಲಿ ಕಮಲಾವತಿಯವರನ್ನು ಬಸದಿಗೆ ಬರುವವರೆಲ್ಲ ಹೊಗಳುತ್ತಿದ್ದರು. ಗಂಡ ಅರಿಹಂತನ ಊಟ ಬುತ್ತಿಯಲ್ಲಿ ಅಂಗಡಿಗೇ ಹೋಗುತ್ತಿತ್ತು. ಉಂಡ ಮೇಲೆ ಪಾತ್ರೆ, ನಾಳೆಗೆ ನೆನೆಹಾಕುವ ಅಕ್ಕಿ, ಮಡಚುವ ಬಟ್ಟೆ. ಕತ್ತರಿಸಿಟ್ಟ ರವಕೆಯ ತುಂಡುಗಳು ದೀಪಾವಳಿಯಿಂದ ಹಾಗೆಯೇ ಬಿದ್ದಿದ್ದವು.

ಈಗ ದಿನವೂ ಹೊಲಿಗೆಗೆ ಕಳಿಸುತ್ತಾರೆ. ಒಮ್ಮೆ ನೂಲು ಕಡಿದು ಮೆಶಿನು ನಿಂತದ್ದೇ ತಡ, ಕೆಳಗಿನಿಂದ ಕೂಗು ಬಂತು.

"ಯಾಕೆ ನಿಲ್ಲಿಸಿದ್ದು?"

"ನೂಲು ಕಡಿಯಿತು ಅತ್ತೆ."

"ಪೋಣಿಸು, ಪೋಣಿಸು. ಕೆಳಗೆ ಬರ್ಲಿಕ್ಕೆ ಹೋಗ್ಬೇಡ."

ಕಚೇರಿಯ ಗೆಳತಿ ಸ್ವರ್ಣಲತಾಳಿಗೆ ಹೇಳಿದರೆ ಅವಳು ನಕ್ಕಳು. "ಮೆಶಿನು ಓಡ್ತದಾ ಅಂತ ಪರೀಕ್ಷೆ ಮಾರಾಯ್ತಿ! ನಿನ್ನ ಅತ್ತೆಗೆ ಮೂಡುಬಿದಿರೆಯ ಮಗಳಿಗೆ ದಾಟಿಸುವ ಅಂದಾಜು ಉಂಟು."

ನಾದಿನಿ ಕಳೆದ ಸಲ ಬಂದಾಗ ಮೆಶಿನಿನ ಮೇಲೆ ಕೈಯಾಡಿಸಿದ್ದು ಬ್ರಾಹ್ಮಿಗೆ ನೆನಪಾಯಿತು. ತನ್ನದೆನ್ನುವ ವಸ್ತು ಆ ಮನೆಯಲ್ಲಿ ಅದೊಂದೇ. ಕೆಳಗೆ ಮಗಳೊಂದಿಗೆ ಫೋನಿನಲ್ಲಿ ಮಾತುಕತೆ ನಡೆಯುತ್ತಿದೆಯೆಂದು ಅವಳು ಲೆಕ್ಕ ಹಾಕಿದಳು.

ಆ ಸಂಜೆ ಅವಳು ಸೂಜಿಯಿಂದ ನೂಲು ತೆಗೆದು, ಮೋಟಾರಿನ ಪೆಡಲಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು. ಮೆಶಿನು ತನ್ನಷ್ಟಕ್ಕೆ ಓಡತೊಡಗಿತು. ಅವಳು ಬರಿಗಾಲಲ್ಲಿ ಇಳಿದಳು.

ಅಡುಗೆಮನೆಯಲ್ಲಿ ದೀಪವಿರಲಿಲ್ಲ. ಫೋನೂ ಇರಲಿಲ್ಲ. ಕಮಲಾವತಿ ಗೋಡೆಗೆ ಮುಖ ಮಾಡಿ ನಿಂತು, ಒಣ ಚಪಾತಿಯನ್ನು ಆತುರಾತುರವಾಗಿ ನುಂಗುತ್ತಿದ್ದರು. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಶುರುವಾದಾಗ, ಕತ್ತಲಾದ ಮೇಲೂ ಏನಾದರೂ ತಿನ್ನದಿದ್ದರೆ ತಲೆ ತಿರುಗಿ ಬೀಳುತ್ತೀರೆಂದು ಡಾಕ್ಟರು ಎಚ್ಚರಿಸಿದ್ದರು. "ನನ್ನ ಕ್ರಮ ನಾನು ಬಿಡುವುದಿಲ್ಲ" ಎಂದು ಅತ್ತೆ ಸೊಸೆಯ ಎದುರೇ ಉತ್ತರ ಕೊಟ್ಟಿದ್ದರು.

ಬ್ರಾಹ್ಮಿ ಬಂದ ಹಾಗೆಯೇ ಹಿಂದಿರುಗಿದಳು. ಪೆಟ್ಟಿಗೆ ಸರಿಸಿ, ನೂಲು ಪೋಣಿಸಿ, ಕೆಳಗೆ ಪಾತ್ರೆ ತೊಳೆಯುವ ಸದ್ದು ಕೇಳುವವರೆಗೆ ಬಿಡದೆ ಹೊಲಿದಳು. ಇಳಿಯುವಾಗ ಮೆಟ್ಟಿಲ ಮೇಲೆ ಜೋರಾಗಿ ಕೆಮ್ಮಿದಳು.

ಮರುದಿನ ಚಪಾತಿಗೆ ಹಿಟ್ಟು ಕಲಸುತ್ತ ಹೇಳಿದಳು: "ಅತ್ತೆ, ಇನ್ನು ದಿನಾ ಹೊಲೀತೇನೆ. ಪಾತ್ರೆ ನಿಮ್ಮದೇ ಆಯಿತಲ್ಲ?"

"ಆಯಿತು."

"ಚಪಾತಿ ಎರಡು ಹೆಚ್ಚು ಮಾಡ್ತೇನೆ. ಬೆಳಿಗ್ಗೆಗೆ ಆಗ್ತದೆ."

ಕಮಲಾವತಿ ಸೊಸೆಯ ಮುಖ ನೋಡಿದರು.

"ಬೆಳಿಗ್ಗೆಗೆ ದೋಸೆಯ ಹಿಟ್ಟು ಉಂಟಲ್ಲ?" ಎಂದರು.

"ಇರಲಿ ಅತ್ತೆ" ಎಂದ ಬ್ರಾಹ್ಮಿ, ಊಟ ಮುಗಿದದ್ದೇ ಮಾಳಿಗೆ ಹತ್ತಿದಳು.