ಯಾರು ಏನು ನೋಡಿದರು

ಶಕುಂತಲಾ ಅವರ ಸಿಟ್ಟು ಸೂರತ್ ಬಳಿಯ ಹಜೀರಾದ ಆ ಕಂಪನಿ ಕಾಲನಿಯಲ್ಲಿ ಹೆಸರುವಾಸಿಯಾಗಿತ್ತು. ನೀರು ಬಿಡುವವನು ಹತ್ತು ನಿಮಿಷ ತಡ ಮಾಡಿದರೂ ಅವರ ದನಿ ಮೂರನೇ ಮಹಡಿಯವರೆಗೆ ಕೇಳುತ್ತಿತ್ತು. ಆದರೆ ೨೦೦೪ರ ಆಗಸ್ಟ್‌ನಲ್ಲಿ ಅವರಿಗೆ ಬಂದ ಸಿಟ್ಟಿಗೆ ದನಿಯೇ ಇರಲಿಲ್ಲ. ಅದಕ್ಕೇ ಗಂಡ ನಾರಾಯಣ ಹೆದರಿದರು.

ಹತ್ತೊಂಬತ್ತನೇ ವಯಸ್ಸಿಗೆ ಶಕುಂತಲಾ ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರುಗಳ ಟ್ರಂಕ್ ಕಾಲ್ ಜೋಡಿಸುವ ಕೆಲಸಕ್ಕೆ ಸೇರಿದವರು. ಮೊದಲ ದಿನವೇ ಹಿರಿಯ ಆಪರೇಟರ್ ರತ್ನಮ್ಮ ಹೇಳಿಕೊಟ್ಟಿದ್ದರು: "ಕಿವಿಗೆ ಬಿದ್ದದ್ದು ಕಿವ್ಯಾಗ ಸಾಯಬೇಕವ್ವಾ. ಬಾಯಿಗೆ ಬಂತಂದ್ರ ನೀ ಆಪರೇಟರ್ ಅಲ್ಲ." ಮದುವೆಯಾಗಿ ಸೂರತ್ತಿಗೆ ವರ್ಗ ಮಾಡಿಸಿಕೊಂಡು ಬಂದ ಮೇಲೂ ಅವರು ಆ ಮಾತು ಮೀರಲಿಲ್ಲ. ಸಾವಿನ ಸುದ್ದಿ, ಮುರಿದ ಸಂಬಂಧ, ಗಂಡಹೆಂಡಿರ ಜಗಳ ಎಲ್ಲವೂ ಅವರ ಕಿವಿಯ ಮೂಲಕವೇ ಹಾದುಹೋದವು. ಒಂದನ್ನೂ ನಾರಾಯಣನ ಹತ್ತಿರ ಕೂಡ ಆಡಲಿಲ್ಲ. ಇಪ್ಪತ್ತಾರು ವರ್ಷ ದುಡಿದು, ಟ್ರಂಕ್ ಬೋರ್ಡುಗಳೆಲ್ಲ ಗುಜರಿಗೆ ಹೋಗುವ ಕಾಲಕ್ಕೆ ತಾವೇ ನಿವೃತ್ತಿ ತೆಗೆದುಕೊಂಡರು.

ಮನೆಯಲ್ಲಿ ಸುಮ್ಮನೆ ಕೂರುವ ಜೀವ ಅದಲ್ಲ. ವಡೋದರಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಶ್ವೇತಾ ಬಿಡಿಭಾಗ ತಂದು ಒಂದು ಕಂಪ್ಯೂಟರ್ ಜೋಡಿಸಿಕೊಟ್ಟಳು. ಕಂಪನಿ ಆಗಷ್ಟೇ ಕಾಲನಿಯ ಎಲ್ಲ ಮನೆಗಳಿಗೂ ನೆಟ್‌ವರ್ಕ್ ಕೇಬಲ್ ಎಳೆಸಿತ್ತು. ಶಕುಂತಲಾ ಒಂದು ಹ್ಯಾಂಡಿಕ್ಯಾಮ್ ಹಿಡಿದು ಕಾಲನಿಯನ್ನೆಲ್ಲ ಸುತ್ತಿದರು. ನವರಾತ್ರಿಯ ಗರ್ಬಾ ಕುಣಿತ, ಶಾಲೆಯ ವಾರ್ಷಿಕೋತ್ಸವ, ಹತ್ತನೇ ತರಗತಿಯ ಗಣಿತದ ಪಾಠ, ಲೇಡೀಸ್ ಕ್ಲಬ್ಬಿನ ಭಾಷಣ ಎಲ್ಲ ಹಿಡಿದು ತಂದು ಆ ಕಂಪ್ಯೂಟರಿಗೆ ತುಂಬಿದರು. ಯಾರು ಬೇಕಾದರೂ ತಮ್ಮ ಮನೆಯಲ್ಲಿ ಕೂತು ಅದನ್ನು ನೋಡಬಹುದಾಗಿತ್ತು. ಕಾಲನಿಯವರು ಅದನ್ನು 'ಶಕುಂತಲಾಬೆನ್ ಟೀವಿ', ಅಂದರೆ ಶಕುಂತಲಕ್ಕನ ಟೀವಿ, ಎಂದು ಕರೆದರು.

ಏಳೆಂಟು ಮನೆಯವರು ಒಟ್ಟಿಗೆ ನೋಡಿದರೆ ಆ ಯಂತ್ರ ಏದುಸಿರು ಬಿಡುತ್ತಿತ್ತು. ಯಾರಿಂದ ಭಾರ ಬೀಳುತ್ತಿದೆ ಎಂದು ತಿಳಿಯಲಿ ಅಂತ ಶ್ವೇತಾ ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಬರುವಂತೆ ಮಾಡಿದ್ದಳು. ಯಾವ ಮನೆ, ಯಾವ ವಿಡಿಯೋ, ಎಷ್ಟು ಹೊತ್ತಿನಿಂದ, ಎಷ್ಟನೇ ಸಲ ಎಲ್ಲವೂ ಅದರಲ್ಲಿ ಕಾಣುತ್ತಿತ್ತು. ಶಕುಂತಲಾ ಕುಕ್ಕರ್ ಸೀಟಿಗಳ ನಡುವೆ ಬಂದು ಅದನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅದರ ರುಚಿ ಹತ್ತಿತು. ಬಿ-ಮೂರರ ಮುದುಕಪ್ಪ ತನ್ನ ಮೊಮ್ಮಗಳ ನಾಟ್ಯವನ್ನು ದಿನಾ ನೋಡುತ್ತಾರೆ, ಎ-ಒಂಬತ್ತರ ಹುಡುಗಿ ತ್ರಿಕೋನಮಿತಿಯಲ್ಲೇ ಸಿಕ್ಕಿಕೊಂಡಿದ್ದಾಳೆ ಎಂದು ತಿಳಿದು ತಮ್ಮಷ್ಟಕ್ಕೇ ನಗುತ್ತಿದ್ದರು. ಸಂಜೆ ಕಂಪನಿಯ ಕೆಲಸ ಮುಗಿಸಿ ಬಂದು ಚಹಾ ಕುಡಿಯುತ್ತ ನಾರಾಯಣನೂ ಆ ಪಟ್ಟಿಯ ಮುಂದೆ ಕೂರುತ್ತಿದ್ದರು. ಕೂರಬೇಡಿ ಎನ್ನಬೇಕೆಂದು ಶಕುಂತಲಾಗೆ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

ಜುಲೈನಲ್ಲಿ ಲೇಡೀಸ್ ಕ್ಲಬ್ಬಿಗೆ ಸೂರತ್ತಿನಿಂದ ಒಬ್ಬ ವಕೀಲೆ ಬಂದು ಮಾತಾಡಿದ್ದರು. ಗಂಡ ಹೊಡೆದರೆ, ಮನೆಯಿಂದ ಹೊರಗೆ ಹಾಕಿದರೆ ಹೆಂಗಸು ಎಲ್ಲಿಗೆ ಹೋಗಬೇಕು, ಯಾವ ಕಾಗದ ಕೈಯಲ್ಲಿರಬೇಕು ಎಂಬುದು ವಿಷಯ. ಬಂದಿದ್ದು ಹದಿಮೂರು ಹೆಂಗಸರು. "ನಮ್ಮ ಕಾಲನಿಯಲ್ಲಿ ಅಂಥದ್ದೆಲ್ಲ ಇಲ್ಲಪ್ಪ" ಎಂದು ಸಮೋಸಾ ತಿಂದು ಎದ್ದರು. ಆ ಭಾಷಣವನ್ನೂ ಶಕುಂತಲಾ ಕಂಪ್ಯೂಟರಿಗೆ ಹಾಕಿದರು. ಅದನ್ನು ನೋಡಿದ್ದು ಒಂದೇ ಮನೆ, ಸಿ-ಹದಿನಾಲ್ಕು. ಮೂರು ವಾರದಲ್ಲಿ ಐದು ಸಲ, ಪ್ರತಿ ಸಲವೂ ಮಧ್ಯಾಹ್ನ.

ಸಿ-ಹದಿನಾಲ್ಕರಲ್ಲಿದ್ದವಳು ವಿಂಧ್ಯಾ, ಶಿವಮೊಗ್ಗದ ಕಡೆಯ ಹುಡುಗಿ. ಗಂಡ ಮನೋಜ್ ಕನ್ನಡದವನಾದರೂ ಸೂರತ್ತಿನಲ್ಲೇ ಬೆಳೆದವನು, ಪ್ಲಾಂಟಿನಲ್ಲಿ ಶಿಫ್ಟ್ ಇಂಜಿನಿಯರ್. ಮದುವೆಯಾಗಿ ಎರಡು ವರ್ಷ. ಪಟ್ಟಿ ನೋಡಿದ ಶಕುಂತಲಾ ಹೋಗಿ ಕೇಳಲೇ ಎಂದುಕೊಂಡರು. ತಾನಾಗಿ ಬರಲಿ ಎಂದು ಸುಮ್ಮನಾದರು.

ಆಗಸ್ಟ್ ಎರಡನೇ ವಾರ ವಿಂಧ್ಯಾ ಕಾಲನಿಯ ಅಂಗಡಿಯಲ್ಲಿ ಕಂಡಳು. ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿತ್ತು.

"ಏನಾತವಾ ಕೈಗೆ?"

"ಬಾತ್‌ರೂಮಲ್ಲಿ ಜಾರಿದೆ" ಎಂದು ಹೇಳಿ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. "ಆಂಟಿ, ನಾನು ನನ್ನ ಮನೇಲಿ ಕೂತು ಏನು ನೋಡ್ತೀನಿ ಅಂತ ನೀವು ಲೆಕ್ಕ ಇಡ್ತಿದ್ರಾ?"

ಶಕುಂತಲಾ ಕೈಲಿದ್ದ ಚೀಲವನ್ನು ಕೆಳಗಿಟ್ಟರು.

"ಅಂಕಲ್ ಕಂಪನಿ ಬಸ್ಸಲ್ಲಿ ಎಲ್ಲರ ಮುಂದೆ ಇವರಿಗೆ ಹೇಳಿದ್ರಂತೆ, ನಿನ್ನ ಹೆಂಡತಿ ವಕೀಲರ ಭಾಷಣ ಐದು ಸಲ ಕೇಳಿದಾಳೆ, ಪರೀಕ್ಷೆಗೆ ಕೂರ್ತಾಳಾ ಅಂತ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ಇವರು ಮನೆಗೆ ಬಂದು ಶೂ ಕೂಡ ಬಿಚ್ಚಲಿಲ್ಲ ಆಂಟಿ." ಅವಳು ಪ್ಲಾಸ್ಟರ್ ಹಾಕಿದ ಕೈ ಎತ್ತಿ ತೋರಿಸಿದಳು. "ಇವರು ಹೊಡೀತಾರೆ ಅಂತ ನನಗೆ ಗೊತ್ತಿತ್ತು. ನೀವು ನೋಡ್ತಿದೀರಿ ಅಂತ ಗೊತ್ತಿರಲಿಲ್ಲ."

ಶಕುಂತಲಾ ಮನೆಗೆ ಬಂದವರೇ ಆ ಪಟ್ಟಿಯನ್ನು ತೆರೆದರು. ಹದಿನಾಲ್ಕು ತಿಂಗಳ ಸಾಲುಗಳಿದ್ದವು. ಒಂದನ್ನೂ ಉಳಿಸದೆ ಅಳಿಸಿದರು. ಮಗಳಿಗೆ ಫೋನ್ ಮಾಡಿ, ಮುಂದೆ ಏನೂ ದಾಖಲಾಗದಂತೆ ಮಾಡುವುದು ಹೇಗೆಂದು ಕೇಳಿ ಅದನ್ನೂ ಮಾಡಿದರು. ಸಾವಿರಾರು ಮಂದಿಯ ಗುಟ್ಟು ನುಂಗಿದ ಹೆಂಗಸು, ಯಾರೂ ಕೇಳದೆ ಇದ್ದರೂ ಒಂದು ಗುಟ್ಟನ್ನು ಪರದೆಯ ಮೇಲೆ ಬರೆದಿಟ್ಟು ಗಂಡನ ಚಹಾದ ಜೊತೆ ಬಡಿಸಿದ್ದಳು. ನಾರಾಯಣನ ಮೇಲೆ ಬಂದ ಸಿಟ್ಟಿಗಿಂತ ಅದು ಹೆಚ್ಚು ಉರಿಯಿತು.

ನಾರಾಯಣ ಬಂದಾಗ ಶಕುಂತಲಾ ಕೂಗಲಿಲ್ಲ. ನಡೆದದ್ದನ್ನು ಹೇಳಿದರು. ಗಂಡನ ಮುಖ ಕಪ್ಪಿಟ್ಟಿತು.

"ನಾ ನಗಸಾಕಂತ ಚಾಷ್ಟಿ ಮಾಡಿದ್ದೆ, ಶಕ್ಕೂ. ಅಂವಾ ಹೊಡೀತಾನಂತ ನನಗೇನ್ ಕನಸು ಬಿದ್ದಿತ್ತೇನು?"

"ನಿಮ್ಮ ಚಾಷ್ಟಿಗೆ ಆಕಿ ಎಲುಬು ಮುರೀತು. ಬಸ್ಸಿನ್ಯಾಗ ಅಂದದ್ದನ್ನ ಬಸ್ಸಿನ್ಯಾಗನ ಎದ್ದು ನಿಂತು ತಪ್ಪಾತು ಅನ್ನಬೇಕು. ಅಲ್ಲೀತನಕ ನನ್ನ ಮಾತಾಡಸಬ್ಯಾಡ್ರಿ."

"ಅಷ್ಟು ಮಂದಿ ಮುಂದ?"

"ಅಷ್ಟು ಮಂದಿ ನಕ್ಕಾರಲ್ಲ."

ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳ ಸದ್ದಲ್ಲದೆ ಬೇರೆ ಮಾತಿರಲಿಲ್ಲ. ಅಷ್ಟರಲ್ಲಿ ಮನೋಜ್ ಕಾಲನಿ ಕಮಿಟಿಗೆ ದೂರು ಕೊಟ್ಟ. ಶಕುಂತಲಾ ಮನೆ ಒಡೆಯುವ ವಿಡಿಯೋಗಳನ್ನು ಹಂಚುತ್ತಾರೆ ಎಂದು ಬರೆದಿದ್ದ. ಭಾನುವಾರ ಬೆಳಿಗ್ಗೆ ಕ್ಲಬ್ ಹಾಲಿನಲ್ಲಿ ಸಭೆ ಸೇರಿತು. ಕಾರ್ಯದರ್ಶಿ ದವೆ ಸಾಹೇಬರು ನಯವಾಗಿ ಹಿಂದಿಯಲ್ಲಿ ಹೇಳಿದರು, "ಬೆನ್, ನಿಮ್ಮ ಸೇವೆ ನಿಲ್ಲಿಸಿ ಅನ್ನುವುದಿಲ್ಲ. ಆದರೆ ಯಾರು ಏನು ನೋಡಿದರು ಅನ್ನುವ ಪಟ್ಟಿಯನ್ನು ಪ್ರತಿ ಶನಿವಾರ ಕಮಿಟಿಗೆ ಕೊಡಿ. ಮನೆಯ ಯಜಮಾನರಿಗೆ ತಿಳಿದಿರಬೇಕಲ್ಲ."

ಮನೋಜ್ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದ. ಶಕುಂತಲಾ ಎದ್ದು ನಿಂತು ನೇರವಾಗಿ ಅವನನ್ನೇ ನೋಡಿ ಕನ್ನಡದಲ್ಲಿ ಕೇಳಿದರು.

"ಪಟ್ಟಿ ಕೊಟ್ರ ಮುಂದ ಏನ್ಮಾಡ್ತೀಯೋ? ಇನ್ನೊಂದು ಕೈ ಮುರೀತೀ?"

"ಆಂಟಿ, ಇದು ನಮ್ಮ ಪರ್ಸನಲ್ ಮ್ಯಾಟರ್. ನೀವು ನಮ್ಮಿಬ್ಬರ ಬೀಚ್ ಮೇ ಬರಬೇಡಿ."

"ನಿನ್ನ ಹೆಂಡ್ತಿ ನೋಡಿದ್ದೂ ಆಕೀ ಪರ್ಸನಲ್ ಇತ್ತು. ಅದನ್ನ ನೀ ಬಿಟ್ಟೇನು?"

ಆಮೇಲೆ ಸಭೆಗೆಲ್ಲ ತಿಳಿಯಲೆಂದು ಹಿಂದಿಗೆ ಹೊರಳಿದರು. ಪಟ್ಟಿಯನ್ನು ತಾನೇ ಅಳಿಸಿದ್ದೇನೆ, ಅದನ್ನು ಇಟ್ಟದ್ದೇ ತನ್ನ ತಪ್ಪು, ಇನ್ನು ದೇವರು ಬಂದು ಕೇಳಿದರೂ ಕೊಡಲು ತನ್ನ ಹತ್ತಿರ ಏನೂ ಇಲ್ಲ ಎಂದರು. ಒಬ್ಬ ಹೆಂಗಸಿನ ಮಣಿಕಟ್ಟು ಮುರಿದದ್ದನ್ನು ಕೇಳದ ಕಮಿಟಿ ಅವಳು ಏನು ನೋಡಿದಳೆಂದು ಕೇಳಲು ಸಭೆ ಕರೆದಿದೆ, ನಿಮಗೆ ನಾಚಿಕೆಯಾಗಬೇಕು ಎಂದೂ ಅಂದರು. ಜುಲೈನಲ್ಲಿ ಸಮೋಸಾ ತಿಂದಿದ್ದ ಹೆಂಗಸರು ಸೆರಗಿನ ಅಂಚು ನೋಡಿಕೊಳ್ಳುತ್ತ ಕೂತಿದ್ದರು. ಅದನ್ನು ಕಂಡು ಶಕುಂತಲಾ ಅವರ ಮೈ ಇನ್ನಷ್ಟು ಉರಿಯಿತು.

ಸೋಮವಾರ ಮಧ್ಯಾಹ್ನದೊಳಗೆ ಅವರ ಮನೆಯ ಕೇಬಲ್ಲನ್ನು ಕಮಿಟಿಯವರು ಕತ್ತರಿಸಿದರು. ಅದೇ ಬೆಳಿಗ್ಗೆ ನಾರಾಯಣ ಬಸ್ಸಿನಲ್ಲಿ ಕಂಬಿ ಹಿಡಿದು ಎದ್ದು ನಿಂತಿದ್ದರು. ಮನೋಜನ ಹೆಂಡತಿಯ ವಿಷಯ ಆಡಿದ್ದು ತಪ್ಪು, ಆ ಮಾತು ಆಡುವ ಹಕ್ಕು ತನಗಿರಲಿಲ್ಲ, ಹೊಡೆಯುವ ಹಕ್ಕು ಅವನಿಗೂ ಇಲ್ಲ ಎಂದರಂತೆ. ಹಿಂದಿನ ಸೀಟಿನಿಂದ ಯಾರೋ ಸೀಟಿ ಹೊಡೆದರು. ಮನೋಜ್ ಕಿಟಕಿಯ ಹೊರಗೆ ನೋಡುತ್ತ ಕೂತ. ನಿವೃತ್ತಿಗೆ ಮೂರು ವರ್ಷವಿದ್ದ ನಾರಾಯಣ ಅವತ್ತಿನಿಂದ ಬಸ್ಸಿನಲ್ಲಿ ಒಬ್ಬರೇ ಕೂರುವಂತಾಯಿತು. ಆ ಸಂಜೆ ಶಕುಂತಲಾ ಗಂಡನಿಗೆ ತಟ್ಟೆ ಹಾಕಿ ಎದುರಿಗೆ ಕೂತರು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಂಧ್ಯಾ ಬಾಗಿಲು ತಟ್ಟಿದಳು. ಎಡಗೈಯಲ್ಲಿ ಒಂದು ಚೀಲವಿತ್ತು. ಒಳಗೆ ಬರಲಿಲ್ಲ.

"ವಡೋದರಾದಲ್ಲಿ ನಮ್ಮಣ್ಣ ಅಕ್ಷಯ್ ಇದಾನೆ, ರೈಲ್ವೆಲಿ. ಅಲ್ಲಿಗೆ ಹೋಗ್ತೀನಿ. ಒಬ್ಬಳೇ ಹೋದರೆ ಗೇಟಿನವರು ಇವರಿಗೆ ಫೋನ್ ಮಾಡ್ತಾರೆ. ನೀವು ಜೊತೇಲಿದ್ದರೆ ಮಾಡಲ್ಲ. ಅದಕ್ಕೆ ಬಂದೆ, ಬೇರೆ ಏನಕ್ಕೂ ಅಲ್ಲ."

"ಕಾಗದ ಎಲ್ಲಾ ತಗೊಂಡೀಯೇನು? ಮಾರ್ಕ್ಸ್ ಕಾರ್ಡು, ಮದುವಿ ಫೋಟೋ, ಡಾಕ್ಟರ್ ಚೀಟಿ?"

"ಐದು ಸಲ ಕೇಳಿದೀನಲ್ಲ" ಎಂದಳು ವಿಂಧ್ಯಾ.

ಗೇಟಿನಲ್ಲಿ ಕಾವಲಿನವನು ರಿಜಿಸ್ಟರ್ ಮುಂದೆ ತಳ್ಳಿ, ಎಲ್ಲಿಗೆ, ಯಾಕೆ, ಯಾವಾಗ ವಾಪಸ್ಸು ಎಂದು ಬರೆಯಲು ಹೇಳಿದ. ಶಕುಂತಲಾ ಆ ಪುಸ್ತಕವನ್ನು ಮುಚ್ಚಿ ಅವನ ಮೇಜಿನ ಮೇಲೆ ಕುಕ್ಕಿದರು. ಎಂಟು ದಿನದಿಂದ ಒಳಗೇ ಕುದಿಯುತ್ತಿದ್ದ ದನಿ ಅವತ್ತು ಹೊರಗೆ ಬಂತು. ಹೆಂಗಸರು ಹೊರಗೆ ಹೋಗಲು ಯಾವನಿಗೂ ಕಾರಣ ಬರೆದುಕೊಡಬೇಕಾಗಿಲ್ಲ ಎಂದು ಹಿಂದಿಯಲ್ಲಿ ಕೂಗಿದ ಕೂಗಿಗೆ ಅವನು ಎರಡು ಹೆಜ್ಜೆ ಹಿಂದೆ ಸರಿದು ಅಡ್ಡಗಂಬ ಎತ್ತಿದ.

ಇಬ್ಬರೂ ರಿಕ್ಷಾದಲ್ಲಿ ಸೂರತ್ ಸ್ಟೇಷನ್ನಿಗೆ ಬಂದರು. ರೈಲು ಬಂದಾಗ ಶಕುಂತಲಾ ಚೀಲವನ್ನು ಹತ್ತಿಸಿ ಕೆಳಗಿಳಿದರು. ವಿಂಧ್ಯಾ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ಆಂಟಿ."

"ಹೋಗೂದು ಬ್ಯಾಡ, ಇರ್ಲಿ. ನನಗೂ ನನ್ನ ಮ್ಯಾಲಿಂದು ಹೋಗಿಲ್ಲ."

ಮನೋಜನ ಮೇಲೆ ವಡೋದರಾದಲ್ಲಿ ಕೇಸು ದಾಖಲಾಯಿತು. ಸಾಕ್ಷಿ ಹೇಳಲು ಶಕುಂತಲಾ ಎರಡು ಸಲ ಹೋಗಿ ಬಂದರು. ವಿಂಧ್ಯಾ ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಕೋರ್ಟಿನ ವರಾಂಡಾದಲ್ಲಿ ಎದುರಾದಾಗ ನಮಸ್ಕಾರ ಮಾಡಿದಳು, ಪಕ್ಕದಲ್ಲಿ ಕೂರಲಿಲ್ಲ. ಅವಳು ಕೂರಬೇಕಾಗಿತ್ತು ಎಂದು ಶಕುಂತಲಾ ಯಾರ ಹತ್ತಿರವೂ ಹೇಳಲಿಲ್ಲ.